ನೆಲನೆಲ್ಲಿಯ ದಾಯಾದಿಗಳು

ಮುಂಗಾರು ನಾಲ್ಕು ದಿನ ಹದವಾಗಿ ಸುರಿದರೆ ಸಾಕು, ಕೃಷ್ಣಮೂರ್ತಿಪುರಂನ ಯಾವ ಬೀದಿಯಲ್ಲಿ ನಡೆದರೂ ಒಂದು ಪುಟ್ಟ ಗಿಡ ಕಣ್ಣಿಗೆ ಬೀಳುತ್ತದೆ. ಕಾಂಪೌಂಡು ಗೋಡೆಯ ಬುಡ, ಚಪ್ಪಡಿ ಕಲ್ಲುಗಳ ಸಂದು, ತುಳಸಿಕಟ್ಟೆಯ ಮಗ್ಗುಲು, ಹೂವಿನ ಕುಂಡ, ಎಲ್ಲಿ ಒಂದು ಹಿಡಿ ಮಣ್ಣು ಸಿಕ್ಕೀತೋ ಅಲ್ಲಿ ಅದು ತಲೆಯೆತ್ತುತ್ತದೆ. ಗೇಣುದ್ದದ ನೆಟ್ಟನೆಯ ಕಾಂಡ. ಅದರ ಸುತ್ತ ಕೈ ಚಾಚಿದಂತೆ ಹರಡಿದ, ಹುಣಸೆಯ ಎಲೆಯನ್ನು ನೆನಪಿಗೆ ತರುವ ಗರಿಗಳು. ಗರಿಯನ್ನು ಮಗುಚಿದರೆ ಅಡಿಯಲ್ಲಿ ಸಾಲಾಗಿ ತೂಗುವ, ಸಾಸಿವೆ ಗಾತ್ರದ ಹಸಿರು ಕಾಯಿಗಳು. ಇದೇ ನೆಲನೆಲ್ಲಿ. ನೀವೂ ನೋಡಿಯೇ ಇರುತ್ತೀರಿ. ಕಳೆಯೆಂದು ಕಿತ್ತು ಬಿಸಾಡಿಯೂ ಇರುತ್ತೀರಿ.

ಮನೆಯಲ್ಲಿ ಯಾರ ಕಣ್ಣಾದರೂ ಹಳದಿಗೆ ತಿರುಗಿತೆಂದರೆ, ಬಿಸಾಡಿದ ಈ ಕಳೆಗೇ ಒಮ್ಮೆಲೆ ಬೆಲೆ ಬರುತ್ತದೆ. ಕಾಮಾಲೆಗೆ ನೆಲನೆಲ್ಲಿ ಎಂಬುದು ನಮ್ಮ ಹಿರಿಯರ ಬಾಯಲ್ಲಿ ಗಾದೆಯಷ್ಟೇ ಗಟ್ಟಿಯಾದ ಮಾತು. ಬೇರು ಸಹಿತ ಕಿತ್ತು, ತೊಳೆದು, ನುಣ್ಣಗೆ ಅರೆದು, ಹಾಲಿನಲ್ಲೋ ಮಜ್ಜಿಗೆಯಲ್ಲೋ ಕದಡಿ ಕೊಡುವ ರೂಢಿ ಇಂದಿಗೂ ಹೋಗಿಲ್ಲ. ಆ ಮದ್ದು ಎಷ್ಟರಮಟ್ಟಿಗೆ ಫಲಕಾರಿ ಎಂಬ ಚರ್ಚೆಗೆ ಮುಂದೆ ಬರೋಣ. ಅದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದುಂಟು: ನೀವು ಕಿತ್ತು ತಂದದ್ದು ನೆಲನೆಲ್ಲಿಯೇ ಹೌದೆ?

ಈ ಪ್ರಶ್ನೆ ಅಧಿಕಪ್ರಸಂಗವೆಂದು ತೋರಬಹುದು. ಆದರೆ ಒಂದೇ ಹಿತ್ತಿಲಿನಲ್ಲಿ, ಒಂದೇ ಮಳೆಗೆ, ಒಂದರ ಪಕ್ಕದಲ್ಲೊಂದು ಎರಡು ಮೂರು ಜಾತಿಯ ನೆಲನೆಲ್ಲಿಗಳು ಹುಟ್ಟುವುದುಂಟು. ನಿಂತು ನೋಡಿದರೆ ಎಲ್ಲವೂ ಒಂದೇ. ಕುಳಿತು, ಗರಿಯನ್ನು ಮಗುಚಿ, ಕೈಮಸೂರ ಹಿಡಿದು ನೋಡಿದರೆ ಬೇರೆ ಬೇರೆ. ಸಸ್ಯಶಾಸ್ತ್ರಜ್ಞರೇ ಇನ್ನೂರು ವರ್ಷಗಳಷ್ಟು ಕಾಲ ಇವುಗಳ ಹೆಸರನ್ನು ಕಲಸಿಕೊಂಡಿದ್ದರೆಂದರೆ ಹೋಲಿಕೆ ಎಷ್ಟು ಹತ್ತಿರದ್ದೆಂಬುದನ್ನು ನೀವೇ ಊಹಿಸಬಹುದು.

ಮೊದಲು ಮನೆಮಾತಿನ ಹೆಸರುಗಳನ್ನು ಸ್ವಲ್ಪ ಬಿಡಿಸಿಕೊಳ್ಳೋಣ. ನಮಗೆ ಪರಿಚಿತವಾದ ನೆಲ್ಲಿಗಳು ಮೂರು. ಉಪ್ಪಿನಕಾಯಿಗೂ ಮೊರಬ್ಬಕ್ಕೂ ಆಗುವ ಬೆಟ್ಟದ ನೆಲ್ಲಿ ಒಂದು. ಕೊಂಬೆಗಳಲ್ಲಿ ಗೊಂಚಲುಗೊಂಚಲಾಗಿ ಹುಳಿಕಾಯಿ ಬಿಡುವ, ಮಕ್ಕಳು ಉಪ್ಪು ಹಚ್ಚಿಕೊಂಡು ತಿನ್ನುವ ಕಿರುನೆಲ್ಲಿ ಮತ್ತೊಂದು. ನೆಲಕ್ಕೆ ಹತ್ತಿಕೊಂಡು ಬೆಳೆಯುವ ಈ ನೆಲನೆಲ್ಲಿ ಮೂರನೆಯದು. ಕೆಲವರು ನೆಲನೆಲ್ಲಿಯನ್ನೂ ಕಿರುನೆಲ್ಲಿಯೆಂದೇ ಕರೆಯುವುದರಿಂದ ಗೊಂದಲ ಇಲ್ಲಿಂದಲೇ ಮೊದಲಾಗುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ಭೂಮ್ಯಾಮಲಕಿ, ತಾಮಲಕಿ ಎಂಬ ಹೆಸರುಗಳಿವೆ. ಭೂಮಿಯ ಮೇಲಿನ ಆಮಲಕ, ಅಂದರೆ ನೆಲದ ನೆಲ್ಲಿ ಎಂದೇ ಅರ್ಥ.

ಮರವಾಗಿ ಬೆಳೆಯುವ ನೆಲ್ಲಿಯನ್ನೂ ಗೇಣುದ್ದದ ಕಳೆಯನ್ನೂ ಒಂದೇ ಹೆಸರಿನಿಂದ ಕರೆದ ನಮ್ಮ ಜನರ ಕಣ್ಣು ಸಾಮಾನ್ಯವಾದುದಲ್ಲ. ಸಸ್ಯಶಾಸ್ತ್ರವೂ ಇವುಗಳನ್ನು ಬಂಧುಗಳೆಂದು ಕಂಡು, ಬಹುಕಾಲ ಮೂರನ್ನೂ ಫಿಲಾಂಥಸ್ ಎಂಬ ಒಂದೇ ಕುಲದಲ್ಲಿ ಇರಿಸಿತು. ಇದು ಗ್ರೀಕ್ ಮಾತು. ಎಲೆ, ಹೂ ಎಂಬ ಎರಡು ಪದಗಳನ್ನು ಸೇರಿಸಿ ಮಾಡಿದ್ದು. ಎಲೆಯ ಮೇಲೆಯೇ ಹೂ ಬಿಟ್ಟಂತೆ ಕಾಣುವುದರಿಂದ ಆ ಹೆಸರು ಬಂತು.

ನಿಜವಾಗಿ ಎಲೆಯ ಮೇಲೆ ಹೂ ಬಿಡುತ್ತದೆಯೆ? ಇಲ್ಲ. ಇಲ್ಲೊಂದು ಸೊಗಸಾದ ಕಣ್ಕಟ್ಟು ಇದೆ. ನಾವು ಗರಿಯೆಂದು, ಹುಣಸೆಯಂತಹ ಕೂಡೆಲೆಯೆಂದು ತಿಳಿಯುವುದು ಎಲೆಯೇ ಅಲ್ಲ, ಅದೊಂದು ಕಿರುರೆಂಬೆ. ಅದರ ಎರಡು ಕಡೆಯೂ ಸಾಲಾಗಿ ಕುಳಿತ ಪುಟ್ಟ ಹಾಳೆಗಳೇ ನಿಜವಾದ ಎಲೆಗಳು. ಪರೀಕ್ಷಿಸುವುದು ಸುಲಭ. ಹುಣಸೆಯ ಅಥವಾ ನಾಚಿಕೆಮುಳ್ಳಿನ ಒಂದು ಎಲೆಯನ್ನು ತಂದು ಪಕ್ಕದಲ್ಲಿಟ್ಟುಕೊಳ್ಳಿ. ಹುಣಸೆಯ ಕಿರುಎಲೆ ನಡುದಂಟಿಗೆ ಸೇರುವ ಕಂಕುಳಲ್ಲಿ ಮೊಗ್ಗಿರುವುದಿಲ್ಲ. ಇಡೀ ಗರಿ ಕಾಂಡಕ್ಕೆ ಸೇರುವ ಕಡೆ ಮಾತ್ರ ಮೊಗ್ಗು. ನೆಲನೆಲ್ಲಿಯಲ್ಲಾದರೋ ಒಂದೊಂದು ಪುಟ್ಟ ಎಲೆಯ ಕಂಕುಳಿನಲ್ಲೂ ಹೂವೋ ಕಾಯಿಯೋ ಇರುತ್ತದೆ. ಕಂಕುಳಲ್ಲಿ ಮೊಗ್ಗಿದ್ದರೆ ಅದು ಎಲೆ, ಇಲ್ಲದಿದ್ದರೆ ಎಲೆಯ ತುಂಡು. ಗಿಡಗಳನ್ನು ಓದುವವರು ಮೊದಲು ಕಲಿಯುವ ಪಾಠಗಳಲ್ಲಿ ಇದೂ ಒಂದು.

ಹಾಗಾದರೆ ಮುಖ್ಯ ಕಾಂಡಕ್ಕೆ ಎಲೆಯೇ ಇಲ್ಲವೆ? ಇದೆ, ಆದರೆ ಅದು ಹೊಟ್ಟಿನಂತೆ ಸಣ್ಣದಾಗಿ, ರೆಂಬೆಯ ಬುಡದಲ್ಲಿ ಅಂಟಿಕೊಂಡಿರುತ್ತದೆ. ಅಡುಗೆ ಮಾಡುವ, ಅಂದರೆ ಬಿಸಿಲಿನಿಂದ ಆಹಾರ ತಯಾರಿಸುವ ಕೆಲಸವನ್ನೆಲ್ಲ ಕಿರುರೆಂಬೆಗಳಿಗೆ ವಹಿಸಿ ಅದು ಸುಮ್ಮನಾಗಿದೆ. ವಯಸ್ಸಾದ ಕಿರುರೆಂಬೆ ಎಲೆಗಳ ಸಮೇತ ಹಣ್ಣೆಲೆಯಂತೆ ಕಳಚಿ ಬೀಳುತ್ತದೆ. ಬೆಟ್ಟದ ನೆಲ್ಲಿಯ ಮರದಡಿ ಗುಡಿಸುವವರು ಇದನ್ನು ದಿನವೂ ಕಾಣುತ್ತಾರೆ. ಅಲ್ಲಿ ಬೀಳುವುದು ಬಿಡಿ ಎಲೆ ಮಾತ್ರವಲ್ಲ, ಇಡೀ ಕಡ್ಡಿಗಳು. ಗಾತ್ರದಲ್ಲಿ ಆನೆ ಆಡುಗಳಷ್ಟು ಅಂತರವಿದ್ದರೂ ಅಂಗರಚನೆಯ ಈ ಒಂದು ಗುಟ್ಟು ಮರವನ್ನೂ ಕಳೆಯನ್ನೂ ಒಂದೇ ಮನೆತನಕ್ಕೆ ಕಟ್ಟಿಹಾಕಿದೆ.

ಮನೆತನದ ಇನ್ನೊಂದು ಗುರುತು ಕಾಯಿಯೊಳಗಿದೆ. ಹರಳುಕಾಯಿಯನ್ನು ಒಡೆದರೆ ಮೂರು ಕೋಣೆ, ಕೋಣೆಗೊಂದರಂತೆ ಮೂರು ಬೀಜ. ನೆಲನೆಲ್ಲಿಯ ಕಾಯಿಯನ್ನು ಒಡೆದರೂ ಮೂರು ಕೋಣೆಗಳೇ. ಆದರೆ ಕೋಣೆಗೆ ಎರಡರಂತೆ ಆರು ಬೀಜ. ಬೆಟ್ಟದ ನೆಲ್ಲಿಯ ಗಟ್ಟಿ ಗೊರಟನ್ನು ಒಡೆದು ನೋಡಿ, ಅಲ್ಲಿಯೂ ಮೂರು ಕೋಣೆ, ಆರು ಬೀಜ. ಇನ್ನೂ ಒಂದು ಭೇದ: ಹರಳಿನ ಬಳಗಕ್ಕೆ ಸೇರಿದ ಕಳ್ಳಿಯನ್ನೋ, ನೆಲನೆಲ್ಲಿಯ ಪಕ್ಕದಲ್ಲೇ ಹರಡುವ ಅಚ್ಚೆಗಿಡವನ್ನೋ ಮುರಿದರೆ ಹಾಲು ಒಸರುತ್ತದೆ. ನೆಲನೆಲ್ಲಿಯನ್ನು ಮುರಿದರೆ ಹಾಲಿಲ್ಲ; ಅದರ ಕಾಂಡದೊಳಗೆ ಹಾಲಿನ ನಾಳಗಳೇ ಇಲ್ಲ. ಹಿಂದೆ ನೆಲ್ಲಿಯನ್ನೂ ಹರಳನ್ನೂ ಒಂದೇ ಕುಟುಂಬದಲ್ಲಿ ಎಣಿಸುತ್ತಿದ್ದರು. ಕೋಣೆಗೆ ಒಂದು ಬೀಜವೋ ಎರಡೋ ಎಂಬ ಭೇದಕ್ಕೆ ಈಚೆಗೆ ವಂಶವಾಹಿ ಪರೀಕ್ಷೆಯ ಬೆಂಬಲವೂ ದೊರೆತು, ನೆಲ್ಲಿಯ ಬಳಗ ಈಗ ಬೇರೆ ಮನೆ ಮಾಡಿದೆ.

ಇಷ್ಟಾಯಿತು ಹೊರಗಿನವರಿಂದ ನೆಲ್ಲಿಯನ್ನು ಬೇರ್ಪಡಿಸುವ ಬಗೆ. ಮನೆಯೊಳಗಿನ ದಾಯಾದಿಗಳನ್ನು ಬೇರ್ಪಡಿಸುವುದು ಹೆಚ್ಚು ನಾಜೂಕಾದ ಕೆಲಸ. ಶಾಸ್ತ್ರೀಯ ಹೆಸರುಗಳು ಬಾಯಿಗೆ ಒಗ್ಗುವುದು ಕಷ್ಟವಾದ್ದರಿಂದ, ಆ ಲ್ಯಾಟಿನ್ ಮಾತುಗಳ ಅರ್ಥವನ್ನು ಹಿಡಿದು ಈ ಲೇಖನದ ಮಟ್ಟಿಗೆ ಕನ್ನಡದ ಅಡ್ಡಹೆಸರುಗಳನ್ನು ಇಟ್ಟುಕೊಳ್ಳೋಣ. ಅಮಾರಸ್ ಎಂದರೆ ಕಹಿ. ಅದು ಕಹಿ ನೆಲನೆಲ್ಲಿ. ಫ್ರಾಟರ್ನಸ್ ಎಂದರೆ ಸೋದರಸಂಬಂಧದ್ದು. ಅದು ಸೋದರ ನೆಲನೆಲ್ಲಿ. ಡೆಬಿಲಿಸ್ ಎಂದರೆ ಬಲವಿಲ್ಲದ್ದು. ಅದು ಸಣಕಲು ನೆಲನೆಲ್ಲಿ. ಯೂರಿನೇರಿಯ ಎಂಬುದನ್ನು ಅದರ ಬಣ್ಣ ನೋಡಿ ಕೆಂಪು ನೆಲನೆಲ್ಲಿ ಎನ್ನೋಣ. ಮದರಾಸ್‌ಪಟೆನ್ಸಿಸ್ ಎಂಬುದು ಮದರಾಸುಪಟ್ಟಣದ ಹೆಸರನ್ನು ಹೊತ್ತ ಮದರಾಸು ನೆಲ್ಲಿ.

ಎಲ್ಲಕ್ಕಿಂತ ಸುಲಭವಾಗಿ ಬೇರೆಯಾಗುವುದು ಮದರಾಸು ನೆಲ್ಲಿ. ಮೇಲೆ ಹೇಳಿದ ಕಣ್ಕಟ್ಟು ಇದರಲ್ಲಿಲ್ಲ. ಗರಿಯಂತಹ ಕಿರುರೆಂಬೆಗಳ ಏರ್ಪಾಡನ್ನು ಬಿಟ್ಟು, ಎಲ್ಲ ಗಿಡಗಳಂತೆ ಮುಖ್ಯ ಕಾಂಡದ ಮೇಲೂ ಇದಕ್ಕೆ ಸರಿಯಾದ ಎಲೆಗಳುಂಟು. ಎಲೆ ಬುಡದಲ್ಲಿ ಕಿರಿದಾಗಿ ತುದಿಯ ಕಡೆ ಅಗಲವಾಗುತ್ತ ಬೆಣೆಯಂತಿರುತ್ತದೆ. ಇಷ್ಟನ್ನು ನೋಡಲು ಮಸೂರವೂ ಬೇಡ.

ಎರಡನೆಯದಾಗಿ ಕೆಂಪು ನೆಲನೆಲ್ಲಿ. ಕಾಂಡಕ್ಕೂ ರೆಂಬೆಗೂ ಕೆಂಪಿನ ಛಾಯೆ ಇರುತ್ತದೆ. ಆದರೆ ಬಣ್ಣವನ್ನೊಂದೇ ನಂಬಬಾರದು. ಬಿಸಿಲಿಗೆ ಬೇರೆ ಗಿಡಗಳೂ ಕೆಂಪಾಗುತ್ತವೆ. ಕಾಯಿಯನ್ನು ಮುಟ್ಟಿ ನೋಡಿ. ಕಹಿ ನೆಲನೆಲ್ಲಿಯ ಕಾಯಿ ನುಣುಪು, ಅದು ಸಣ್ಣ ತೊಟ್ಟಿನಿಂದ ತೂಗುತ್ತದೆ. ಕೆಂಪು ನೆಲನೆಲ್ಲಿಯ ಕಾಯಿಯ ಮೈ ತರಿತರಿ, ಗುಳ್ಳೆಗುಳ್ಳೆ; ತೊಟ್ಟೇ ಇಲ್ಲವೆಂಬಂತೆ ರೆಂಬೆಗೆ ಕಚ್ಚಿಕೊಂಡಿರುತ್ತದೆ. ಎಲೆಯ ಅಂಚನ್ನು ಮಸೂರದಲ್ಲಿ ನೋಡಿದರೆ ಅಡಿಭಾಗದಲ್ಲಿ ಗಿಡ್ಡ ಬಿರುಗೂದಲುಗಳ ಸಾಲೊಂದು ಕಾಣುತ್ತದೆ. ಉಳಿದ ನೆಲನೆಲ್ಲಿಗಳ ಎಲೆಯ ಅಂಚು ಬೋಳು.

ಇನ್ನುಳಿದದ್ದು ಕಹಿ, ಸೋದರ, ಸಣಕಲು ಎಂಬ ಮೂರು. ಇವೇ ನಿಜವಾದ ದಾಯಾದಿಗಳು, ತಕರಾರೂ ಇವುಗಳದ್ದೇ. ಇಲ್ಲಿ ನೋಡಬೇಕಾದುದು ಹೂವು ಕುಳಿತ ಜಾಗ. ನೆಲನೆಲ್ಲಿಯಲ್ಲಿ ಗಂಡುಹೂ ಬೇರೆ, ಹೆಣ್ಣುಹೂ ಬೇರೆ. ಗಿಡ ಮಾತ್ರ ಒಂದೇ. ಕಹಿ ನೆಲನೆಲ್ಲಿಯ ರೆಂಬೆಯಲ್ಲಿ ಬುಡದ ಒಂದೆರಡು ಕಂಕುಳುಗಳನ್ನು ಬಿಟ್ಟರೆ, ಮುಂದಿನ ಒಂದೊಂದು ಎಲೆಯ ಕಂಕುಳಲ್ಲೂ ಒಂದು ಗಂಡು ಒಂದು ಹೆಣ್ಣು ಜೋಡಿಯಾಗಿ ಇರುತ್ತವೆ. ಸೋದರ ಮತ್ತು ಸಣಕಲು ನೆಲನೆಲ್ಲಿಗಳಲ್ಲಿ ಬಿಡಾರ ಬೇರೆ: ರೆಂಬೆಯ ಬುಡದ ಕಡೆ ಗಂಡುಹೂಗಳು, ತುದಿಯ ಕಡೆ ಒಂಟಿ ಹೆಣ್ಣುಹೂಗಳು. ಕೆಂಪು ನೆಲನೆಲ್ಲಿಯಲ್ಲಿ ಇದಕ್ಕೆ ತಿರುವುಮುರುವು, ಬುಡದ ಕಡೆ ಹೆಣ್ಣು, ತುದಿಯ ಕಡೆ ಗಂಡು.

ಹೂ ಉದುರಿ ಕಾಯಿಯಷ್ಟೇ ಉಳಿದಿದ್ದರೂ ಚಿಂತೆಯಿಲ್ಲ. ಕಾಯಿಯ ಬುಡದಲ್ಲಿ ಹೂವಿನ ಹೊರದಳಗಳು ನಕ್ಷತ್ರದಂತೆ ಉಳಿದುಕೊಂಡಿರುತ್ತವೆ. ಅವನ್ನು ಎಣಿಸಿ. ಐದಿದ್ದರೆ ಕಹಿ ನೆಲನೆಲ್ಲಿ. ಆರಿದ್ದರೆ ಸೋದರವೋ ಸಣಕಲೋ ಇರಬೇಕು. ಆರು ದಳಗಳ ಅಂಚು ಅಗಲವಾಗಿ ಬೆಳ್ಳಗಿದ್ದು, ಎಲೆಯ ತುದಿ ದುಂಡಾಗಿದ್ದರೆ ಸೋದರ. ಎಲೆ ಎರಡು ತುದಿಗೂ ಚೂಪಾಗುತ್ತ ಹೋಗಿದ್ದರೆ ಸಣಕಲು. ಒಂದೇ ಕಾಯಿ ನೋಡಿ ತೀರ್ಮಾನಕ್ಕೆ ಬರಬೇಡಿ. ಹತ್ತು ಕಾಯಿಗಳನ್ನಾದರೂ ಎಣಿಸಿ. ಐದು ಬೆರಳಿನ ಮನೆಯಲ್ಲೂ ಒಮ್ಮೊಮ್ಮೆ ಆರು ಬೆರಳಿನ ಕೂಸು ಹುಟ್ಟುವುದುಂಟಲ್ಲವೆ?

ಕೊನೆಯ ಸಾಕ್ಷಿ ಬೀಜ. ಒಣಗಿದ ಕಾಯಿ ತಾನಾಗಿ ಸಿಡಿದು ಬೀಜವನ್ನು ಎರಚುತ್ತದೆ. ಆದ್ದರಿಂದ ಬಲಿತ ಗಿಡವನ್ನು ಒಂದು ಬಿಳಿಯ ಕಾಗದದ ಪೊಟ್ಟಣದಲ್ಲಿ ಮಡಿಸಿ ಎರಡು ದಿನ ಇಡಿ. ರಾಗಿಕಾಳಿಗಿಂತ ಚಿಕ್ಕದಾದ, ಕಿತ್ತಳೆಯ ತೊಳೆಯ ಆಕಾರದ ಕಂದು ಬೀಜಗಳು ಪೊಟ್ಟಣದ ತಳದಲ್ಲಿ ಸಿಗುತ್ತವೆ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರದಲ್ಲಿ ಬೀಜದ ಬೆನ್ನನ್ನು ನೋಡಿ. ಕಹಿ ನೆಲನೆಲ್ಲಿಯ ಬೀಜದ ಮೇಲೆ ಐದಾರು ಉದ್ದನೆಯ ಏಣುಗೆರೆಗಳು, ನೇಗಿಲು ಹೊಡೆದ ಸಾಲಿನಂತೆ. ಕೆಂಪು ನೆಲನೆಲ್ಲಿಯ ಬೀಜದ ಮೇಲೆ ಗೆರೆಗಳು ಅಡ್ಡಡ್ಡ. ಮದರಾಸು ನೆಲ್ಲಿಯ ಬೀಜದ ಮೇಲೆ ಗೆರೆಯ ಬದಲು ಸಾಲುಸಾಲಾಗಿ ಸಣ್ಣ ಗುಬುಟುಗಳು. ಬೀಜದ ಸಿಪ್ಪೆಯ ಈ ಕೆತ್ತನೆ ಮಳೆ ಬಿಸಿಲು ನೆರಳುಗಳಿಗೆ ಸುಲಭವಾಗಿ ಬದಲಾಗುವುದಿಲ್ಲ. ಎಲೆ ದೊಡ್ಡದಾಗಬಹುದು, ಗಿಡ ಗಿಡ್ಡವಾಗಬಹುದು, ಬಣ್ಣ ತಿರುಗಬಹುದು. ಬೀಜದ ಮೈ ಮಾತ್ರ ತನ್ನ ಮನೆಯ ಮುದ್ರೆಯನ್ನು ಬಿಟ್ಟುಕೊಡುವುದಿಲ್ಲ. ಆದ್ದರಿಂದಲೇ ಸಸ್ಯಶಾಸ್ತ್ರಜ್ಞರಿಗೆ ಅದರ ಮೇಲೆ ಅಷ್ಟು ನಂಬಿಕೆ.

ಹೊರಮೈಯನ್ನು ಇಷ್ಟು ನೋಡಿದ ಮೇಲೆ ಒಳಮೈಯನ್ನೂ ನೋಡಬೇಕಲ್ಲ! ಎಲೆಯ ಒಂದು ತೆಳುವಾದ ಅಡ್ಡಸೀಳನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟರೆ ಕಾಣುವುದಿಷ್ಟು: ಮೇಲೆ ಒಂದೇ ಪದರದ ಹೊರಸಿಪ್ಪೆ, ಅದರ ಕೆಳಗೆ ಛತ್ರದ ಕಂಬಗಳಂತೆ ಒತ್ತೊತ್ತಾಗಿ ನಿಂತ ಹಸಿರು ಜೀವಕೋಶಗಳ ಒಂದು ಸಾಲು, ಅದರಡಿ ಗಾಳಿಯಾಡುವಂತೆ ಸಡಿಲವಾಗಿ ಹರಡಿದ ಕೋಶಗಳು, ಅಲ್ಲಲ್ಲಿ ನೀರನ್ನೂ ಆಹಾರವನ್ನೂ ಸಾಗಿಸುವ ನಾಳಗಳ ಕಟ್ಟು. ಸಡಿಲ ಕೋಶಗಳ ನಡುವೆ ಕೆಲವೆಡೆ ಅರಳಿದ ಹೂವಿನಂತೆ ಹೊಳೆಯುವ ಹರಳುಗಳು ಕಾಣುತ್ತವೆ. ಇವು ಕ್ಯಾಲ್ಷಿಯಂ ಆಕ್ಸಲೇಟ್ ಎಂಬ ಲವಣದವು. ಎಲೆಯ ಸಿಪ್ಪೆಯನ್ನು ಸುಲಿದು ನೋಡಿದರೆ ಉಸಿರಾಟದ ರಂಧ್ರಗಳೂ ಅವುಗಳನ್ನು ಸುತ್ತುವರಿದ ಕೋಶಗಳ ಜೋಡಣೆಯೂ ತೋರುತ್ತದೆ.

ಸ್ವಾರಸ್ಯವೆಂದರೆ, ದಾಯಾದಿಗಳ ಒಳಮೈ ಬಹುಮಟ್ಟಿಗೆ ಒಂದೇ ತೆರನಾಗಿರುತ್ತದೆ. ಒಂದೇ ಮೇಸ್ತ್ರಿ ಒಂದೇ ನಕ್ಷೆ ಹಿಡಿದು ಕಟ್ಟಿದ ವಠಾರದ ಮನೆಗಳಂತೆ ಗೋಡೆ, ಕಂಬ, ಕಿಟಕಿಗಳೆಲ್ಲ ಒಂದೇ ವರಸೆ. ಭೇದವೇನಿದ್ದರೂ ಲೆಕ್ಕದಲ್ಲಿ: ಒಂದು ಗೊತ್ತಾದ ಅಗಲದಲ್ಲಿ ಎಷ್ಟು ರಂಧ್ರಗಳಿವೆ, ಒಂದು ಸಿಪ್ಪೆಕೋಶದ ಕೆಳಗೆ ಎಷ್ಟು ಕಂಬಕೋಶಗಳಿವೆ, ನರಗಳು ಎಲೆಯನ್ನು ಎಷ್ಟು ತುಂಡುಗಳಾಗಿ ಹಂಚಿವೆ ಎಂದು ತಾಳ್ಮೆಯಿಂದ ಎಣಿಸಬೇಕು. ಇಲ್ಲಿಂದ ನಮಗೊಂದು ಸೂತ್ರ ದೊರೆಯುತ್ತದೆ. ಗಿಡ ಯಾವ ಮನೆತನದ್ದೆಂಬುದನ್ನು ಒಳರಚನೆ ಹೇಳುತ್ತದೆ. ಆ ಮನೆಯಲ್ಲಿ ಯಾರೆಂಬುದನ್ನು ಹೇಳುವುದು ಹೂವಿನ ಜಾಗ, ದಳದ ಎಣಿಕೆ, ಕಾಯಿಯ ಮೈ, ಬೀಜದ ಕೆತ್ತನೆ. ಎರಡೂ ಬೇಕು. ಲಖನೌ ನಗರದ ರಾಷ್ಟ್ರೀಯ ಸಸ್ಯಶಾಸ್ತ್ರ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ೨೦೦೬ರಲ್ಲಿ ಕಹಿ, ಸೋದರ ಮತ್ತು ಮದರಾಸು ನೆಲ್ಲಿಗಳನ್ನು ಒಳಗೂ ಹೊರಗೂ ಹೋಲಿಸಿ, ರಸಾಯನ ಪರೀಕ್ಷೆಯನ್ನೂ ಜೊತೆಗೂಡಿಸಿ, ಮೂರನ್ನೂ ಖಚಿತವಾಗಿ ಬೇರ್ಪಡಿಸಬಹುದೆಂದು ತೋರಿಸಿದರು. ಫಿಲಾಂಥಿನ್ ಎಂಬ ದ್ರವ್ಯ ಕಹಿ ನೆಲನೆಲ್ಲಿಯಲ್ಲಿ ಚೆನ್ನಾಗಿಯೇ ಇದೆ. ಸೋದರನಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಮುಖ ಒಂದೇ ಆದರೂ ಜೇಬಿನಲ್ಲಿರುವುದು ಒಂದೇ ಅಲ್ಲ.

ಈಗ ಹೆಸರಿನ ಕಥೆಗೆ ಬರೋಣ. ೧೭೫೩ರಲ್ಲಿ ಲಿನೇಯಸನು ಫಿಲಾಂಥಸ್ ನಿರೂರಿ ಎಂಬ ಹೆಸರನ್ನು ಪ್ರಕಟಿಸಿದನು. ಹತ್ತೊಂಬತ್ತನೆಯ ಶತಮಾನದಲ್ಲಿ ಭಾರತದ ಸಸ್ಯಗಳ ಮಹಾಗ್ರಂಥವನ್ನು ಸಿದ್ಧಪಡಿಸಿದ ಹೂಕರ್ ನಮ್ಮ ನೆಲನೆಲ್ಲಿಯನ್ನೂ ಇದೇ ಹೆಸರಿನಲ್ಲಿ ದಾಖಲಿಸಿದರು. ಅಲ್ಲಿಂದಾಚೆಗೆ ನಮ್ಮ ಪಠ್ಯಪುಸ್ತಕ, ವೈದ್ಯಗ್ರಂಥ, ಔಷಧದ ಸೀಸೆ ಎಲ್ಲೆಲ್ಲೂ ನಿರೂರಿಯೇ ನಿರೂರಿ. ಅಮೆರಿಕದ ಗ್ರೇಡಿ ವೆಬ್‌ಸ್ಟರ್ ಎಂಬ ವಿದ್ವಾಂಸರು ೧೯೫೦ರ ದಶಕದಲ್ಲಿ ವೆಸ್ಟ್ ಇಂಡೀಸಿನ ಫಿಲಾಂಥಸ್‌ಗಳನ್ನು ಒಂದೊಂದಾಗಿ ಬಿಡಿಸಿ ನೋಡಿ, ನಿಜವಾದ ನಿರೂರಿ ಅಮೆರಿಕ ಖಂಡದ ಗಿಡವೆಂದು ಸ್ಪಷ್ಟಪಡಿಸಿದರು. ಸೋದರ ನೆಲನೆಲ್ಲಿಗೆ ಫ್ರಾಟರ್ನಸ್ ಎಂದು ೧೯೫೫ರಲ್ಲಿ ನಾಮಕರಣ ಮಾಡಿದವರೂ ಅವರೇ. ೧೯೮೫ರಲ್ಲಿ ಮಿತ್ರ ಮತ್ತು ಜೈನ್ ಎಂಬ ಭಾರತೀಯ ಸಸ್ಯಶಾಸ್ತ್ರಜ್ಞರು ನಮ್ಮ ದೇಶದ ನಿರೂರಿಯ ಕಟ್ಟನ್ನು ಬಿಚ್ಚಿ, ಅದರೊಳಗೆ ಕಹಿ, ಸೋದರ, ಸಣಕಲು ಎಂಬ ಮೂರು ಗಿಡಗಳು ಸೇರಿಕೊಂಡಿದ್ದವೆಂದು ತೋರಿಸಿಕೊಟ್ಟರು.

ಇದು ಪಂಡಿತರ ಹೆಸರಿನ ಜಗಳವೆಂದು ಪಕ್ಕಕ್ಕಿಡುವ ಹಾಗಿಲ್ಲ. ಹೆಪಟೈಟಿಸ್ ಬಿ ಎಂಬ ಯಕೃತ್ತಿನ ಸೋಂಕಿನ ವೈರಸ್ಸನ್ನು ಪತ್ತೆಮಾಡಿ ೧೯೭೬ರಲ್ಲಿ ನೊಬೆಲ್ ಬಹುಮಾನ ಪಡೆದ ಬರೂಕ್ ಬ್ಲುಂಬರ್ಗ್ ಮತ್ತು ಅವರ ಸಂಗಡಿಗರು ೧೯೮೭ರಲ್ಲಿ ನಮ್ಮ ನೆಲನೆಲ್ಲಿಯ ಮೇಲೆ ನಡೆಸಿದ ಪ್ರಯೋಗಗಳನ್ನು ಪ್ರಕಟಿಸಿದಾಗ, ಲೇಖನದ ತಲೆಬರಹದಲ್ಲಿ ಗಿಡದ ಹೆಸರು ನಿರೂರಿ ಎಂದಿತ್ತು. ಮರುವರ್ಷ ಮದರಾಸಿನ ತ್ಯಾಗರಾಜನ್ ಮೊದಲಾದವರು ಅವರೊಡನೆ ಸೇರಿ ರೋಗಾಣುವನ್ನು ಹೊತ್ತವರ ಮೇಲೆ ಮಾಡಿದ ಪರೀಕ್ಷೆಯ ಫಲ ಬಂದಾಗ ಹೆಸರು ಅಮಾರಸ್ ಎಂದಾಗಿತ್ತು. ಒಂದು ತಿಂಗಳು ಗಿಡದ ಪುಡಿ ತೆಗೆದುಕೊಂಡ ೩೭ ಮಂದಿಯಲ್ಲಿ ೨೨ ಮಂದಿಯ ರಕ್ತದಲ್ಲಿ ವೈರಸ್ಸಿನ ಗುರುತು ಮಾಯವಾಯಿತು. ಬರಿಯ ಹುಸಿಮದ್ದು ತೆಗೆದುಕೊಂಡ ೨೩ ಮಂದಿಯಲ್ಲಿ ಒಬ್ಬರಿಗೆ ಮಾತ್ರ ಹಾಗಾಯಿತು. ಪ್ರಪಂಚವೆಲ್ಲ ನೆಲನೆಲ್ಲಿಯ ಕಡೆ ತಿರುಗಿ ನೋಡಿತು.

ಆದರೆ ಬೇರೆ ಬೇರೆ ಕಡೆ ಅದೇ ಪರೀಕ್ಷೆಯನ್ನು ಮತ್ತೆ ನಡೆಸಿದಾಗ ಅಂತಹ ಫಲ ಸಿಗಲಿಲ್ಲ. ಚೀನಾದಲ್ಲಿ ೧೯೯೫ರಲ್ಲಿ ಅಮಾರಸ್, ನಿರೂರಿ, ಯೂರಿನೇರಿಯ ಮೂರನ್ನೂ ಬೇರೆ ಬೇರೆ ರೋಗಿಗಳಿಗೆ ಕೊಟ್ಟು ನೋಡಿದಾಗ ಮೂರರ ಫಲವೂ ಸಮವಾಗಿರಲಿಲ್ಲ. ಕೊನೆಗೆ ೨೦೧೧ರಲ್ಲಿ ೧೬ ಪರೀಕ್ಷೆಗಳನ್ನು ಒಟ್ಟಿಗೆ ತೂಗಿ ನೋಡಿದ ಕಾಕ್ರೇನ್ ಸಮೀಕ್ಷೆ, ಹುಸಿಮದ್ದಿಗಿಂತ ಇದು ಮೇಲೆಂದು ಹೇಳಲು ನಂಬತಕ್ಕ ಆಧಾರ ಸಾಲದೆಂದು ತೀರ್ಪಿತ್ತಿತು. ಈ ಏರಿಳಿತಕ್ಕೆಲ್ಲ ಗಿಡದ ಗುರುತೊಂದೇ ಕಾರಣವೆಂದು ಹೇಳಲಾಗದು. ಆದರೆ ಯಾವ ಗಿಡ ಕೊಟ್ಟೆವೆಂಬುದೇ ಗಟ್ಟಿಯಿಲ್ಲದಿದ್ದರೆ, ಅದು ಗುಣ ಮಾಡಿತೆಂದೋ ಮಾಡಲಿಲ್ಲವೆಂದೋ ಹೇಳುವ ಮಾತಿಗೆ ಬುಡವಿರುವುದಿಲ್ಲ.

ಪೇಟೆಯ ಸಂಗತಿ ಏನು? ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದ ಗಣೇಶಯ್ಯ, ಉಮಾಶಂಕರ್ ಮತ್ತು ಅವರ ತಂಡದವರು ಇದನ್ನೇ ಶೋಧಿಸಿ ೨೦೧೦ರಲ್ಲಿ ಪ್ರಕಟಿಸಿದರು. ದಕ್ಷಿಣ ಭಾರತದ ೨೫ ಅಂಗಡಿಗಳಿಂದ ಒಣಗಿದ ನೆಲನೆಲ್ಲಿಯನ್ನು ಕೊಂಡು, ಮೊದಲು ಹೊರಲಕ್ಷಣಗಳಿಂದಲೂ ಅನಂತರ ಡಿ.ಎನ್.ಎ. ಪರೀಕ್ಷೆಯಿಂದಲೂ ವಿಂಗಡಿಸಿದರು. ನೂರಕ್ಕೆ ೭೬ ಮಾದರಿಗಳು ಬಹುತೇಕ ಶುದ್ಧವಾದ ಕಹಿ ನೆಲನೆಲ್ಲಿ. ಉಳಿದ ೨೪ರಲ್ಲಿ ಸಣಕಲು, ಸೋದರ, ಕೆಂಪು, ಮದರಾಸು ನೆಲ್ಲಿಗಳೂ, ಕೋಳಿಕ್ಕೋಡಿನ ಹೆಸರು ಹೊತ್ತ ಇನ್ನೊಂದು ಜಾತಿಯೂ ಕಂಡುಬಂದವು. ಇದನ್ನು ಮೋಸವೆಂದು ಕರೆಯಲು ಅವಸರ ಬೇಡ. ಕಾ‍ಡುಮೇಡು ಅಲೆದು ಗಿಡ ಕಿತ್ತು ತರುವವರ ಕಣ್ಣಿಗೂ ಅವೆಲ್ಲ ಒಂದೇ ಆಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಇನ್ನೂ ಒಂದು ತೊಡಕೆಂದರೆ, ಭಾರತ ಸರ್ಕಾರದ ಆಯುರ್ವೇದ ಔಷಧಸಂಹಿತೆಯ ಮೊದಲ ಸಂಪುಟದಲ್ಲಿ ತಾಮಲಕಿಗೆ ಕೊಟ್ಟಿರುವ ಸಸ್ಯನಾಮ ಫ್ರಾಟರ್ನಸ್. ನಮ್ಮ ಕಡೆಯ ಅಂಗಡಿಗಳಲ್ಲಿ ಹೆಚ್ಚಾಗಿ ಸಿಗುವುದು ಅಮಾರಸ್. ಪುಸ್ತಕ ಅಣ್ಣನ ಹೆಸರು ಹೇಳಿದರೆ ಪೇಟೆ ತಮ್ಮನನ್ನು ಕಳಿಸುತ್ತದೆ.

ಹಾಗಾದರೆ ಮನೆಯವರು ಮಾಡತಕ್ಕದ್ದೇನು? ಗ್ರಂಥಿಗೆ ಅಂಗಡಿಗೆ ಹೋದಾಗ ಪುಡಿಯನ್ನು ಕೊಳ್ಳುವ ಬದಲು ಕಾಯಿ ಸಹಿತವಾದ ಇಡೀ ಗಿಡವನ್ನು ಕೇಳಿ. ಗಿಡ ಪುಡಿಯಾಯಿತೆಂದರೆ ಹೂವಿನ ಜಾಗ, ದಳದ ಎಣಿಕೆ, ಕಾಯಿಯ ಮೈ ಎಲ್ಲ ಸಾಕ್ಷಿಗಳೂ ಅದರೊಡನೆ ಪುಡಿಯಾದಂತೆ. ಆಮೇಲೆ ಸೂಕ್ಷ್ಮದರ್ಶಕವೂ ಪ್ರಯೋಗಶಾಲೆಯೂ ಇಲ್ಲದೆ ಗುರುತು ಹಿಡಿಯಲಾಗದು. ಹಿತ್ತಿಲಿನದೇ ಆದರೆ ಚರಂಡಿಯ ಅಂಚಿನ, ಕಳೆನಾಶಕ ಸಿಂಪಡಿಸಿದ ಜಾಗದ ಗಿಡವನ್ನು ಮುಟ್ಟಬೇಡಿ. ಔಷಧಕ್ಕೆಂದು ಬಳಸುವುದಿದ್ದರೆ ತಿಳಿದ ವೈದ್ಯರ ಕೈಗೆ ಕೊಟ್ಟು, ಅವರು ಹೇಳಿದಂತೆ ನಡೆಯಿರಿ.

ಇನ್ನೊಂದು ಮಾತನ್ನು ಒತ್ತಿ ಹೇಳಬೇಕು. ಕಾಮಾಲೆ ಒಂದು ರೋಗದ ಹೆಸರಲ್ಲ. ಹಲವು ರೋಗಗಳ ಒಂದು ಚಿಹ್ನೆ. ಕೆಟ್ಟ ನೀರಿನಿಂದ ಬಂದ ಸೋಂಕು, ರಕ್ತದ ಮೂಲಕ ಬಂದ ಸೋಂಕು, ಪಿತ್ತನಾಳದಲ್ಲಿ ಸಿಕ್ಕಿಕೊಂಡ ಕಲ್ಲು, ಕುಡಿತ, ಕೆಲವು ಔಷಧಗಳು, ಯಾವುದರಿಂದಲೂ ಕಣ್ಣು ಹಳದಿಯಾಗಬಹುದು. ನೀರಿನಿಂದ ಬಂದ ಕಾಮಾಲೆ ಬಹುಮಂದಿಗೆ ಕೆಲವು ವಾರಗಳಲ್ಲಿ ತಾನಾಗಿಯೇ ಇಳಿಯುತ್ತದೆ. ಆ ನಡುವೆ ಏನನ್ನು ಕುಡಿದಿದ್ದರೂ ಕೀರ್ತಿ ಅದಕ್ಕೆ ಹೋಗುತ್ತದೆ. ಇಳಿಯದ ಕಾಮಾಲೆಯಲ್ಲಿ ಮನೆಮದ್ದೆಂದು ಕಳೆದ ಒಂದೊಂದು ದಿನವೂ ದುಬಾರಿ. ಆದ್ದರಿಂದ ಕಣ್ಣು ಹಳದಿಯಾದ ಕೂಡಲೆ ಆಸ್ಪತ್ರೆಗೆ ಹೋಗಿ ರಕ್ತಪರೀಕ್ಷೆ ಮಾಡಿಸುವುದು ಮೊದಲ ಕೆಲಸ; ಗರ್ಭಿಣಿಯರ ವಿಷಯದಲ್ಲಂತೂ ಒಂದು ದಿನದ ವಿಳಂಬವೂ ಸಲ್ಲದು. ಹೆಪಟೈಟಿಸ್ ಬಿ ಬಾರದಂತೆ ತಡೆಯುವ ಲಸಿಕೆ ಈಗ ಸರ್ಕಾರದ ಶಿಶು ಲಸಿಕೆಗಳ ಪಟ್ಟಿಯಲ್ಲೇ ಇದೆ. ಮನೆಯ ಕೂಸಿಗೆ ಅದನ್ನು ತಪ್ಪದೆ ಹಾಕಿಸಿ.

ಔಷಧದ ಮಾತು ಹಾಗಿರಲಿ. ಗಿಡವನ್ನು ನೋಡಲು ಯಾವ ಕಾಯಿಲೆಯೂ ಬೇಕಾಗಿಲ್ಲ. ಒಂದು ಭಾನುವಾರ ಬೆಳಗ್ಗೆ ಮಕ್ಕಳ ಕೈಗೆ ಹತ್ತು ಪಟ್ಟಿನ ಒಂದು ಮಸೂರವನ್ನೂ ಬಿಳಿಯ ಕಾಗದದ ಪೊಟ್ಟಣವನ್ನೂ ಕೊಟ್ಟು ಹಿತ್ತಿಲಿಗೆ ಕಳುಹಿಸಿ. ಸಂಜೆ ಬೆಳಕು ಇಳಿಯುವಾಗ ನೆಲನೆಲ್ಲಿಯ ಎಲೆಗಳು ಕೈಮುಗಿದಂತೆ ಮಡಿಸಿಕೊಳ್ಳುತ್ತವೆ. ಆದ್ದರಿಂದ ಹಗಲಿನಲ್ಲೇ ನೋಡುವುದು ಮೇಲು. ಗಿಡ ಕೀಳುವ ಮೊದಲು ಮೂರು ಪ್ರಶ್ನೆ ಕೇಳಲು ಹೇಳಿ: ಕಾಂಡದಲ್ಲಿ ಎಲೆ ಇದೆಯೆ, ರೆಂಬೆಯಲ್ಲಿ ಮಾತ್ರವೆ? ಕಾಯಿ ನುಣುಪೆ, ತರಿಯೆ? ಕಾಯಿಯಡಿಯ ದಳಗಳು ಐದೆ, ಆರೆ? ಈ ಮೂರಕ್ಕೆ ಉತ್ತರ ಸಿಕ್ಕಿತೆಂದರೆ, ಎಷ್ಟೋ ಗ್ರಂಥಗಳು ಒಂದೇ ಹೆಸರಿನಡಿ ಕಟ್ಟಿಟ್ಟಿದ್ದ ಗಿಡಗಳನ್ನು ನಿಮ್ಮ ಮನೆಯ ಹುಡುಗ ಹುಡುಗಿಯರೇ ಬೇರ್ಪಡಿಸಿದಂತಾಗುತ್ತದೆ. ಪೊಟ್ಟಣದ ಮೇಲೆ ದಿನಾಂಕವನ್ನೂ ಸ್ಥಳವನ್ನೂ ಬರೆದಿಡಿಸಿ. ಮುಂದಿನ ಮಳೆಗಾಲಕ್ಕೆ ಹೋಲಿಸಿ ನೋಡಲು ಅದು ಬೇಕಾಗುತ್ತದೆ.